ಯಾರ್ಡಿನಿಂದ ಕಾರು ಬಿಡಿಸಲು ಯಾವ ಇನ್ಶೂರೆನ್ಸ್ ನಡೆಯುತ್ತದೆ?

ಬ್ರಿಟನ್ನಿನಲ್ಲಿ ಇನ್ಶೂರೆನ್ಸ್ ಇಲ್ಲವೆಂದು ಪೊಲೀಸರು ಕಾರನ್ನು ವಶಪಡಿಸಿಕೊಂಡು, ಅಂಥ ಕಾರುಗಳನ್ನು ಇಡುವ ಯಾರ್ಡಿಗೆ ಸಾಗಿಸಿದರೆ, ಹೆಚ್ಚಿನವರು ಗಾಬರಿಯಲ್ಲಿ ಮೊದಲು ಮಾಡುವ ಕೆಲಸ ಫೋನಿನಲ್ಲೇ ಒಂದು ದಿನದ ಟೆಂಪರರಿ ಪಾಲಿಸಿ ಕೊಳ್ಳುವುದು. ಸರ್ಟಿಫಿಕೇಟ್ ಕೂಡಲೇ ಇಮೇಲಿಗೆ ಬರುತ್ತದೆ. ಅದನ್ನು ಹಿಡಿದು ಯಾರ್ಡಿಗೆ ಹೋದರೆ ಕೌಂಟರಿನವರು ಒಂದು ಸಾಲನ್ನು ಹುಡುಕಿ ಓದಿ, ಇದು ನಡೆಯುವುದಿಲ್ಲ ಎನ್ನುತ್ತಾರೆ. ಪ್ರೀಮಿಯಂ ದುಡ್ಡು ಹೋಯಿತು, ಯಾರ್ಡಿನ ಬಾಡಿಗೆಗೆ ಇನ್ನೊಂದು ದಿನ ಸೇರಿತು.

ಆ ಸಾಲು ಇರುವುದು ಸರ್ಟಿಫಿಕೇಟಿನಲ್ಲಿ ಬಳಕೆಯ ಮಿತಿಗಳನ್ನು ಹೇಳುವ ಭಾಗದಲ್ಲಿ. ಟೆಂಪರರಿ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಅದರ ತಾತ್ಪರ್ಯ ಹೀಗಿರುತ್ತದೆ: ಸರ್ಕಾರ ಅಥವಾ ಸಾರ್ವಜನಿಕ ಪ್ರಾಧಿಕಾರ ವಶಪಡಿಸಿಕೊಂಡ ವಾಹನವನ್ನು ಬಿಡಿಸಿಕೊಳ್ಳಲು ಈ ಪಾಲಿಸಿಯನ್ನು ಬಳಸುವಂತಿಲ್ಲ. ವಾರ್ಷಿಕ ಪಾಲಿಸಿಗಳಲ್ಲೂ ಇದೇ ವಾಕ್ಯ ಕಾಣುತ್ತದೆ. ಆದರೆ ಹಲವೆಡೆ ನಡುವೆ ಒಂದು ತುಂಡು ಇರುತ್ತದೆ: ‘ಮೇಲೆ ನೋಂದಣಿ ಸಂಖ್ಯೆ ನಮೂದಿಸಿರುವ ವಾಹನವನ್ನು ಹೊರತುಪಡಿಸಿ’. ಈ ಪದಗಳಿದ್ದು, ನಿಮ್ಮ ಕಾರಿನ ನಂಬರೇ ಮೇಲೆ ಅಚ್ಚಾಗಿದ್ದರೆ ಸರ್ಟಿಫಿಕೇಟ್ ನಡೆಯುತ್ತದೆ. ದುಡ್ಡು ಕಟ್ಟುವ ಮುನ್ನ ಮಾದರಿ ಸರ್ಟಿಫಿಕೇಟ್ ತರಿಸಿಕೊಂಡು ಈ ವಾಕ್ಯವನ್ನು ಕಣ್ಣಾರೆ ಓದಿ. ಕಾಲ್ ಸೆಂಟರಿನಲ್ಲಿ ‘ಹೌದು, ಕವರ್ ಆಗುತ್ತದೆ’ ಎಂದರೆ ಸಾಲದು. ಯಾರ್ಡಿನವರು ನೋಡುವುದು ಕಾಗದವನ್ನು.

ಗೆಳೆಯನ ವಾರ್ಷಿಕ ಪಾಲಿಸಿಯಲ್ಲಿ ಬೇರೆಯವರ ಕಾರು ಓಡಿಸುವ ಅವಕಾಶವಿದೆ, ಅವನೇ ತಂದುಕೊಡಲಿ ಎಂಬ ಉಪಾಯವೂ ಇದೇ ಕಾರಣಕ್ಕೆ ಕೈಕೊಡುತ್ತದೆ. ಆ ಸರ್ಟಿಫಿಕೇಟಿನಲ್ಲಿ ನಿಮ್ಮ ಕಾರಿನ ನಂಬರೇ ಇರುವುದಿಲ್ಲ.

ಹಾಗಾಗಿ ಉಳಿಯುವ ದಾರಿ ಎರಡು. ಒಂದು, ಆ ಕಾರಿನ ಹೆಸರಿಗೇ ಸರಿಯಾದ ವಾರ್ಷಿಕ ಪಾಲಿಸಿ. ಇನ್ನೊಂದು, ವಶಪಡಿಸಿಕೊಂಡ ವಾಹನಗಳಿಗೆಂದೇ ಮಾರುವ ಅಲ್ಪಾವಧಿ ಪಾಲಿಸಿ. ಇದು ಸಾಮಾನ್ಯವಾಗಿ 30 ದಿನಗಳದ್ದು. ಅದಕ್ಕಿಂತ ಕಡಿಮೆ ಅವಧಿಯದನ್ನು ಕೆಲವು ಪೊಲೀಸ್ ಪಡೆಗಳು ಒಪ್ಪುವುದಿಲ್ಲ. ದಿನದ ಲೆಕ್ಕದಲ್ಲಿ ಇದು ದುಬಾರಿಯೇ. ಕಾರು ಇಟ್ಟುಕೊಳ್ಳುವ ಮನಸ್ಸಿದ್ದರೆ ವಾರ್ಷಿಕವೇ ಮೇಲು. ಅರ್ಜಿಯಲ್ಲಿ ‘ಕಾರು ಈಗ ಪೊಲೀಸರ ವಶದಲ್ಲಿದೆಯೇ’ ಎಂದು ಕೇಳಿದರೆ ನಿಜವನ್ನೇ ಬರೆಯಿರಿ. ಸುಳ್ಳು ಹೇಳಿ ಪಡೆದ ಪಾಲಿಸಿಯನ್ನು ಕಂಪನಿ ರದ್ದು ಮಾಡಬಹುದು. ಆಮೇಲೆ ಹೊಸ ಪಾಲಿಸಿಗೆ ಎಲ್ಲಿ ಹೋದರೂ ಆ ರದ್ದತಿಯನ್ನು ಹೇಳಿಕೊಳ್ಳಬೇಕಾಗುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2023ರ ಪರಿಷ್ಕರಣೆಯ ಪ್ರಕಾರ, ರಸ್ತೆ ಮೇಲೆ ನೆಟ್ಟಗೆ ನಿಂತಿದ್ದ, ಹೆಚ್ಚು ಜಖಂ ಆಗದ ಸಾಮಾನ್ಯ ಕಾರನ್ನು ಸಾಗಿಸಿದ್ದಕ್ಕೆ 192 ಪೌಂಡ್, ಯಾರ್ಡಿನ ಬಾಡಿಗೆ ದಿನಕ್ಕೆ 26 ಪೌಂಡ್. ಐದು ದಿನದ ಬಾಡಿಗೆ ಬಿದ್ದರೆ ಒಟ್ಟು 322, ಹತ್ತು ದಿನಕ್ಕೆ 452. ಕೈಗೆ ಕೊಟ್ಟ ನೋಟಿಸಿನಲ್ಲಿ ಕಾರು ಬಿಡಿಸಿಕೊಳ್ಳಲು ಕನಿಷ್ಠ ಏಳು ಕೆಲಸದ ದಿನಗಳ ಗಡುವು ಇರುತ್ತದೆ. ಸಾಮಾನ್ಯವಾಗಿ 14 ದಿನ ಕಳೆದರೆ ಕಾರನ್ನು ಮಾರಬಹುದು ಅಥವಾ ಗುಜರಿಗೆ ಹಾಕಬಹುದು. ಹಳೆಯ ಕಾರಾದರೆ ಅದರ ಬೆಲೆ, ಈ ಬಿಲ್ಲು, ಹೊಸ ಪ್ರೀಮಿಯಂ ಮೂರನ್ನೂ ಮೊದಲೇ ತೂಗಿ ನೋಡಿ. ಇದರ ಜೊತೆಗೆ ಇನ್ಶೂರೆನ್ಸ್ ಇಲ್ಲದೆ ಓಡಿಸಿದ್ದಕ್ಕೆ 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ ಆರು ಪೆನಾಲ್ಟಿ ಪಾಯಿಂಟ್ ಬೇರೆ. ಮೊದಲ ಬ್ರಿಟಿಷ್ ಲೈಸೆನ್ಸ್ ಸಿಕ್ಕಿ ಎರಡು ವರ್ಷ ತುಂಬದವರಿಗೆ ಆರು ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದಾಗುತ್ತದೆ.

ನಮ್ಮ ಕಡೆಯಿಂದ ಬಂದವರು ಇಲ್ಲಿ ಸಿಕ್ಕಿಬೀಳುವುದಕ್ಕೆ ಬಹುಮಟ್ಟಿಗೆ ಊರಿನ ಅಭ್ಯಾಸವೇ ಕಾರಣ. ಬೆಂಗಳೂರಿನಲ್ಲಿ ಪಾಲಿಸಿ ಗಾಡಿಯ ಮೇಲಿರುತ್ತದೆ. ಡಿಎಲ್ ಇದ್ದವರು ಮಾಲೀಕರನ್ನು ಕೇಳಿ ಓಡಿಸಿದರೆ ಥರ್ಡ್ ಪಾರ್ಟಿ ಕವರ್ ಇದ್ದೇ ಇರುತ್ತದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಪಾಲಿಸಿಯಲ್ಲಿ ಹೆಸರಿದ್ದವರು ಮಾತ್ರ ಓಡಿಸಬೇಕು. ಊರಿಂದ ಬಂದ ಭಾವ ಏರ್‌ಪೋರ್ಟಿನಿಂದ ನಿಮ್ಮ ಕಾರು ಓಡಿಸಿಕೊಂಡು ಬಂದರೆ ಅದು ಇನ್ಶೂರೆನ್ಸ್ ಇಲ್ಲದ ಕಾರು, ಕೀ ಕೊಟ್ಟ ನೀವೂ ತಪ್ಪಿತಸ್ಥರು. ಇನ್ನೊಂದು ಕಾರಣ ಭಾರತದ ಡಿಎಲ್. ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ಅದು ನಡೆಯುತ್ತದೆ. ನಡುವೆ ರಜೆಗೆ ಊರಿಗೆ ಹೋಗಿಬಂದರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ. ಅದನ್ನು ಕೊಟ್ಟು ಇಲ್ಲಿನ ಲೈಸೆನ್ಸ್ ಬದಲಿಸಿಕೊಳ್ಳಲೂ ಆಗದು, ಕಲಿಯುವವರಿಗೆ ಕೊಡುವ ಪ್ರಾವಿಷನಲ್ ಲೈಸೆನ್ಸ್ ತೆಗೆದುಕೊಂಡು ಟೆಸ್ಟ್ ಪಾಸಾಗಬೇಕು. ಗಡುವು ಮುಗಿದ ಮೇಲೆ ಸಿಕ್ಕಿಬಿದ್ದವರಿಗೆ ಹೊಸ ಪಾಲಿಸಿ ಇದ್ದರೂ ಕಾರು ಓಡಿಸಿಕೊಂಡು ಬರಲು ಆಗುವುದಿಲ್ಲ. ಪೂರ್ಣ ಲೈಸೆನ್ಸ್ ಇರುವವರೊಬ್ಬರನ್ನು ಪಾಲಿಸಿಯಲ್ಲಿ ಹೆಸರಿಸಿ ಜೊತೆಗೆ ಕರೆದೊಯ್ಯಿರಿ.

ಮೂರನೆಯ ಕಾರಣ ಸದ್ದಿಲ್ಲದೆ ಬರುತ್ತದೆ. ತಿಂಗಳ ಕಂತು ಬ್ಯಾಂಕಿನಲ್ಲಿ ಬೌನ್ಸ್ ಆಗಿರುತ್ತದೆ, ಕಂಪನಿಯ ಪತ್ರ ಹಳೆಯ ವಿಳಾಸಕ್ಕೆ ಹೋಗಿರುತ್ತದೆ, ಪಾಲಿಸಿ ರದ್ದಾಗಿರುತ್ತದೆ. ಇನ್ಶೂರೆನ್ಸ್ ಡೇಟಾಬೇಸಿನಿಂದ ಕಾರಿನ ನಂಬರ್ ಹೋದೊಡನೆ ಪೊಲೀಸರ ನಂಬರ್ ಪ್ಲೇಟ್ ಕ್ಯಾಮೆರಾಕ್ಕೆ ಅದು ಗೊತ್ತಾಗುತ್ತದೆ.

ಯಾರ್ಡಿಗೆ ಹೋಗುವಾಗ ನೋಟಿಸ್, ಲಾಗ್‌ಬುಕ್ ಎನ್ನುವ ನೋಂದಣಿ ಪತ್ರ ವಿ5ಸಿ, ಲೈಸೆನ್ಸ್, ಫೋಟೊ ಇರುವ ಗುರುತಿನ ಚೀಟಿ, ವಿಳಾಸದ ಪುರಾವೆ, ಇನ್ಶೂರೆನ್ಸ್ ಸರ್ಟಿಫಿಕೇಟ್ ಕೈಯಲ್ಲಿರಲಿ. ಕಾರು ಇತ್ತೀಚೆಗೆ ಕೊಂಡದ್ದಾಗಿ ಲಾಗ್‌ಬುಕ್ ಇನ್ನೂ ಬಂದಿಲ್ಲವೆಂದರೆ ಹೊಸ ಮಾಲೀಕರಿಗೆ ಕೊಡುವ ಹಸಿರು ಚೀಟಿ ಮತ್ತು ಖರೀದಿ ರಸೀದಿ ಒಯ್ಯಿರಿ. ಅದು ಸಾಕೇ ಎಂದು ಹೊರಡುವ ಮುನ್ನ ಫೋನ್ ಮಾಡಿ ಕೇಳಿ. ಯಾವ ಸ್ಟೇಷನ್ನಿನಲ್ಲಿ ಮೊದಲು ಕಾಗದ ತೋರಿಸಬೇಕು ಎಂಬುದು ನೋಟಿಸಿನಲ್ಲೇ ಇರುತ್ತದೆ. ಎಷ್ಟೋ ಜನ ಅದನ್ನು ಓದದೆ ನೇರ ಯಾರ್ಡಿಗೆ ಹೋಗಿ ವಾಪಸ್ ಬರುತ್ತಾರೆ. ಕಾರು ರಸ್ತೆಗೆ ಯೋಗ್ಯವೆಂದು ವರ್ಷಕ್ಕೊಮ್ಮೆ ಮಾಡಿಸುವ ಎಂಒಟಿ ಟೆಸ್ಟಿನ ಅವಧಿ ಮುಗಿದಿದ್ದರೆ ಕಾರನ್ನು ಮೊದಲೇ ಬುಕ್ ಮಾಡಿದ ಟೆಸ್ಟಿಗೆ ಮಾತ್ರ ಓಡಿಸಬಹುದು. ಇಲ್ಲವಾದರೆ ಟ್ರೇಲರಿನ ಮೇಲೆ ಹೇರಿ ತರಬೇಕು.

ವಾಟ್ಸ್ಆ್ಯಪ್ಪಿನಲ್ಲಿ ಅರ್ಧ ಬೆಲೆಗೆ ಪಾಲಿಸಿ ಕೊಡುವವರ ಹತ್ತಿರ ಹೋಗಬೇಡಿ. ಇವರನ್ನು ಇಲ್ಲಿ ಘೋಸ್ಟ್ ಬ್ರೋಕರ್ ಎನ್ನುತ್ತಾರೆ. ಅಸಲಿ ಪಾಲಿಸಿ ಕೊಂಡು ವಿವರ ತಿದ್ದುತ್ತಾರೆ, ಇಲ್ಲವೇ ಎರಡೇ ದಿನದಲ್ಲಿ ರದ್ದು ಮಾಡಿ ರಿಫಂಡ್ ತಾವೇ ಇಟ್ಟುಕೊಳ್ಳುತ್ತಾರೆ. ಬ್ರೋಕರಿನ ಹೆಸರು ಇಲ್ಲಿನ ಹಣಕಾಸು ನಿಯಂತ್ರಕ ಸಂಸ್ಥೆಯಾದ ಎಫ್‌ಸಿಎ ರಿಜಿಸ್ಟರಿನಲ್ಲಿ ಇದೆಯೇ ಎಂದು ನೋಡಿಕೊಳ್ಳಿ.

ಕಾರು ಮನೆಗೆ ಬಂದ ಮೇಲೆ ಆ ಇನ್ಶೂರೆನ್ಸ್ ಡೇಟಾಬೇಸಿನ (ಎಂಐಡಿ) ತಾಣದಲ್ಲಿ ನಿಮ್ಮ ಕಾರಿನ ನಂಬರ್ ಹಾಕಿ ನೋಡಿ. ಹೊಸ ಪಾಲಿಸಿ ಅಲ್ಲಿ ಕಾಣಲು ಕೆಲವು ದಿನ ಹಿಡಿಯಬಹುದು. ಅಲ್ಲಿಯವರೆಗೆ ಸರ್ಟಿಫಿಕೇಟಿನ ಪ್ರತಿಯೊಂದನ್ನು ಕಾರಿನಲ್ಲೇ ಇಟ್ಟುಕೊಂಡಿರಿ.