ಮೊದಲ ಪ್ರಿನ್ಸ್ ಯಾಕೆ ಉಳಿಯಿತು, ಎರಡನೆಯದು ಯಾಕೆ ಹಿಂದೆ ಬಿತ್ತು

ಡಾಸ್ ಕಾಲದ, ಅಂದರೆ ವಿಂಡೋಸ್ ಹರಡುವ ಮೊದಲಿನ ಪಿಸಿಗಳ ಗೇಮುಗಳ ಮಾತು ಬಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರ ಬಾಯಲ್ಲಿ ಮೊದಲು ಬರುವ ಹೆಸರು ಪ್ರಿನ್ಸ್, ಅಂದರೆ ಪ್ರಿನ್ಸ್ ಆಫ್ ಪರ್ಷಿಯಾ. ತರಬೇತಿ ಕೇಂದ್ರದಲ್ಲೋ ಕಾಲೇಜಿನ ಲ್ಯಾಬಿನಲ್ಲೋ ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಪಾಠ ಮುಗಿದ ಮೇಲೆ ಸಿಗುತ್ತಿದ್ದ ಹತ್ತಿಪ್ಪತ್ತು ನಿಮಿಷದಲ್ಲಿ ಆಡಿದ ಆಟ ಅದು. ಅದರ ಎರಡನೇ ಭಾಗದ ವಿಷಯ ಎತ್ತಿದರೆ ಮಾತ್ರ ಹಲವರು ಹುಬ್ಬೇರಿಸುತ್ತಾರೆ. ಆಡಿದವರಲ್ಲೂ ಮುಗಿಸಿದವರು ಕಡಿಮೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು, ಬಣ್ಣ ಹೆಚ್ಚು, ಕಥೆ ಹೆಚ್ಚು. ಆದರೂ ಜನರ ನೆನಪಿನಲ್ಲಿ ನಿಂತದ್ದು ಮೊದಲನೆಯದೇ. ಇದಕ್ಕೆ ಕಾರಣ ಎರಡು ಕಡೆ ಇದೆ: ಆಟಗಳನ್ನು ಕಟ್ಟಿದ ರೀತಿಯಲ್ಲಿ, ಮತ್ತು ಅವು ನಮ್ಮೂರಿಗೆ ಬಂದ ದಾರಿಯಲ್ಲಿ.

ಪ್ರಿನ್ಸ್ ಬರೆದ ಜೋರ್ಡನ್ ಮೆಕ್ನರ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ಕರಾಟೆಕಾ ಎಂಬ ಗೇಮ್ ಬರೆದು 1984ರಲ್ಲಿ ಹೆಸರು ಮಾಡಿದ್ದರು. ಮುಂದಿನ ಆಟಕ್ಕಾಗಿ 1985ರಲ್ಲಿ ತಮ್ಮ ಡೇವಿಡ್‌ನನ್ನು ಓಡಿಸಿ, ಹಾರಿಸಿ, ಗೋಡೆ ಹತ್ತಿಸಿ ವಿಡಿಯೋ ಮಾಡಿಕೊಂಡರು. ಟೇಪನ್ನು ಟಿವಿಯಲ್ಲಿ ಹಾಕಿ, ಚಿತ್ರ ನಿಲ್ಲಿಸಿ ನಿಲ್ಲಿಸಿ ಒಂದೊಂದನ್ನೂ ಸ್ಟಿಲ್ ಕ್ಯಾಮೆರಾದಲ್ಲಿ ತೆಗೆದರು. ಪ್ರಿಂಟ್ ಹಾಕಿಸಿದ ಫೋಟೋಗಳಲ್ಲಿ ಆಕೃತಿಯನ್ನು ಕಪ್ಪು ಮಾರ್ಕರ್ ಮತ್ತು ವೈಟ್ನರ್‌ನಿಂದ ಬಿಡಿಸಿ, ಅದನ್ನು ಕಂಪ್ಯೂಟರಿಗೆ ಇಳಿಸಿದರು. ಕತ್ತಿವರಸೆಗೆ ಆಧಾರವಾದದ್ದು 1938ರ ರಾಬಿನ್ ಹುಡ್ ಸಿನಿಮಾದ ಕೊನೆಯ ಕಾಳಗ. ಇಬ್ಬರೂ ಪಕ್ಕದಿಂದ ಪೂರ್ತಿ ಕಾಣುವ ಕೆಲವೇ ಸೆಕೆಂಡುಗಳ ತುಣುಕು ಅಲ್ಲಿ ಸಿಕ್ಕಿತು. ಸಂಗೀತ ತಂದೆ ಫ್ರಾನ್ಸಿಸ್ ಮೆಕ್ನರ್ ಅವರದು. 1989ರಲ್ಲಿ ಬ್ರೋಡರ್‌ಬಂಡ್ ಕಂಪನಿ ಆಪಲ್ 2 ಕಂಪ್ಯೂಟರಿಗೆ ಇದನ್ನು ಬಿಡುಗಡೆ ಮಾಡುವ ಹೊತ್ತಿಗೆ ಆ ಯಂತ್ರದ ಕಾಲವೇ ಮುಗಿಯುತ್ತಾ ಬಂದಿತ್ತು, ಮಾರಾಟ ನಿಧಾನವಾಗಿತ್ತು. ನಾವು ಕಂಡದ್ದು 1990ರ ಡಾಸ್ ಆವೃತ್ತಿ.

ಆಪಲ್ 2ರಲ್ಲಿ ಸಿಗುತ್ತಿದ್ದುದು ಬರೀ 128 ಕೆಬಿ ಮೆಮೊರಿ. ರಾಜಕುಮಾರನ ಚಲನೆಯ ಚಿತ್ರಗಳೇ ಅದನ್ನು ತುಂಬಿಬಿಟ್ಟಿದ್ದವು. ಎದುರಾಳಿ ಬೇಕು, ಆದರೆ ಇನ್ನೊಂದು ಪಾತ್ರ ಬಿಡಿಸಲು ಜಾಗವಿಲ್ಲ. ಮೆಕ್ನರ್ ಮಾಡಿದ್ದು ಇಷ್ಟು: ರಾಜಕುಮಾರನದೇ ಚಿತ್ರವನ್ನು ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿಸಿ, ಮೂಲ ಚಿತ್ರದ ಜೊತೆ ಎಕ್ಸ್‌ಓಆರ್ (ಎರಡು ಚಿತ್ರಗಳನ್ನು ಬಿಟ್ ಬಿಟ್ ಹೋಲಿಸುವ ಲೆಕ್ಕ) ಮಾಡಿದರು. ಎರಡೂ ಒಂದೇ ಇರುವ ಕಡೆ ಬಿಟ್ ಅಳಿಸಿಹೋಗುತ್ತದೆ, ಬೇರೆ ಇರುವ ಕಡೆ ಉಳಿಯುತ್ತದೆ. ಹಾಗಾಗಿ ಒಳಗೆಲ್ಲ ಖಾಲಿ, ಅಂಚು ಮಾತ್ರ ಮಿನುಗುವ ಒಂದು ಆಕೃತಿ ಎದ್ದು ನಿಂತಿತು. ಹೊಸ ಚಿತ್ರ ಒಂದೂ ಬೇಕಾಗಲಿಲ್ಲ. ಅದೇ ನೆರಳು ಮನುಷ್ಯ. ಕಾವಲುಗಾರರು ಆಟಕ್ಕೆ ಸೇರಿದ್ದು ಅದಾದ ಮೇಲೆ, ಅಲ್ಲಿ ಇಲ್ಲಿ ಜಾಗ ಉಳಿಸಿ.

ಈ ಒಂದು ಉಪಾಯ ಇಡೀ ಆಟದ ಬೆನ್ನೆಲುಬಾಯಿತು. ನಾಲ್ಕನೇ ಲೆವೆಲ್‌ನಲ್ಲಿ ಹೊರಬಾಗಿಲು ತೆರೆದು ಹಿಂದಿರುಗುವಾಗ ದಾರಿಗೆ ಅಡ್ಡವಾಗಿ ಕನ್ನಡಿಯೊಂದು ನಿಂತಿರುತ್ತದೆ. ಓಡಿ ಬಂದು ಅದರ ಮೂಲಕ ಹಾರಿದರೆ ಪ್ರತಿಬಿಂಬ ಆಚೆ ಕಡೆಗೆ ಜಿಗಿದು ಓಡಿಹೋಗುತ್ತದೆ, ರಾಜಕುಮಾರನಿಗೆ ಜೀವ ಒಂದೇ ಉಳಿಯುತ್ತದೆ. ಐದರಲ್ಲಿ ಅದು ನಾವು ಕುಡಿಯಬೇಕಾದ ದೊಡ್ಡ ಮದ್ದನ್ನು ಕುಡಿದುಬಿಡುತ್ತದೆ. ಆರರ ಕೊನೆಯಲ್ಲಿ ಗೇಟು ಮುಚ್ಚಿ ನಮ್ಮನ್ನು ಕೆಳಗೆ ಬೀಳಿಸುತ್ತದೆ. ಹನ್ನೆರಡರಲ್ಲಿ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ನಮ್ಮ ಜೀವವೇ ಇಳಿಯುತ್ತದೆ. ಇಲ್ಲಿ ಎಷ್ಟೋ ಜನ ವಾರಗಟ್ಟಲೆ ಸಿಕ್ಕಿಕೊಂಡಿದ್ದಾರೆ. ಮಾಡಬೇಕಾದ್ದು ಕೆಳಬಾಣ ಒತ್ತಿ ಕತ್ತಿಯನ್ನು ಒರೆಗೆ ಹಾಕುವುದು. ನೆರಳೂ ಹಾಕುತ್ತದೆ. ಆಮೇಲೆ ನೇರ ಅದರೊಳಗೆ ನಡೆದರೆ ಇಬ್ಬರೂ ಒಂದಾಗುತ್ತಾರೆ. ಅಲ್ಲಿಂದ ಎಡಕ್ಕೆ ಖಾಲಿ ಕಾಣುವ ಕಂದಕದ ಕಡೆ ಓಡಿದರೆ ಕಾಲ ಕೆಳಗೆ ಹಾಸುಗಲ್ಲು ತಾನಾಗಿ ಮೂಡುತ್ತಾ ಹೋಗುತ್ತದೆ. ಆ ಕಾಲದ ಆಟಗಳಲ್ಲಿ ಇಷ್ಟು ಸ್ವಚ್ಛವಾಗಿ ಬಿಡಿಸಿಕೊಳ್ಳುವ ಒಗಟು ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಆಟದ ನಿಯಮಗಳೂ ಹೀಗೇ ಬಿಗಿ. ಪರದೆ ಅಂದರೆ 10 ಹಾಸುಗಲ್ಲು ಅಗಲ, 3 ಅಂತಸ್ತು. ಒಂದು ಲೆವೆಲ್‌ನಲ್ಲಿ ಹೆಚ್ಚೆಂದರೆ 24 ಪರದೆ. ಒಂದು ಅಂತಸ್ತು ಬಿದ್ದರೆ ಏನೂ ಆಗುವುದಿಲ್ಲ, ಎರಡು ಬಿದ್ದರೆ ಒಂದು ಜೀವ ಹೋಗುತ್ತದೆ, ಮೂರು ಬಿದ್ದರೆ ಸಾವು. ಬೀಳುವಾಗ ಶಿಫ್ಟ್ ಒತ್ತಿ ಹಿಡಿದರೆ ಅಂಚು ಕೈಗೆ ಸಿಗುತ್ತದೆ. ಮುಳ್ಳಿನ ಮೇಲೆ ಓಡಿದರೆ ಮುಗಿಯಿತು, ಶಿಫ್ಟ್ ಹಿಡಿದು ಒಂದೊಂದೇ ಹೆಜ್ಜೆ ಇಟ್ಟರೆ ಅದೇ ಮುಳ್ಳಿನ ನಡುವೆ ದಾಟಬಹುದು. ಯಾವ ಕಲ್ಲು ಸಡಿಲ ಎಂದು ತಿಳಿಯಬೇಕಾದರೆ ನಿಂತಲ್ಲೇ ಮೇಲಕ್ಕೆ ಜಿಗಿಯಬೇಕು, ಅದೇ ಸಾಲಿನ ಸಡಿಲ ಕಲ್ಲುಗಳೆಲ್ಲ ಗಡಗಡ ಅಲುಗಾಡುತ್ತವೆ. ಚಲನೆ ನಿಜ ಮನುಷ್ಯನದಾದ್ದರಿಂದ ಒಮ್ಮೆ ಕಾಲೆತ್ತಿದರೆ ತಡೆಯಲಾಗದು. ಕೊನೆಗಾರ ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ಜೀಕುವಾಗ ಮಧ್ಯದಲ್ಲಿ ಮನಸ್ಸು ಬದಲಿಸುವಂತಿಲ್ಲವಲ್ಲ, ಹಾಗೆ. ಹೊಸಬರು ಸಾಯುವುದು ಬಹುತೇಕ ಇದರಿಂದಲೇ: ಅಂಚಿಗೆ ಬಂದ ಮೇಲೆ ಹಾರುವ ಕೀ ಒತ್ತುತ್ತಾರೆ. ಒಂದು ಹೆಜ್ಜೆ ಮೊದಲೇ ಒತ್ತಬೇಕು.

ಇದೆಲ್ಲದರ ಮೇಲೆ ಒಂದು ಗಂಟೆಯ ಗಡುವು. ಸ್ಪೇಸ್ ಬಾರ್ ಒತ್ತಿದರೆ ಉಳಿದ ನಿಮಿಷ ತೋರಿಸುತ್ತದೆ. ಸತ್ತರೆ ಲೆವೆಲ್ ಮೊದಲಿಂದ, ಗಡಿಯಾರ ಮಾತ್ರ ಹಿಂದೆ ಹೋಗುವುದಿಲ್ಲ. ಈ ಗಂಟೆಯ ಲೆಕ್ಕದಲ್ಲೂ ಒಂದು ಸೂಕ್ಷ್ಮವಿದೆ. ಡಾಸ್ ಆವೃತ್ತಿ ಸೆಕೆಂಡನ್ನು ಎಣಿಸುವುದಿಲ್ಲ, ಫ್ರೇಮುಗಳನ್ನು, ಅಂದರೆ ಚಲನೆಯ ಒಂದೊಂದು ಚಿತ್ರವನ್ನು, ಎಣಿಸುತ್ತದೆ. ಒಂದು ನಿಮಿಷಕ್ಕೆ 720 ಫ್ರೇಮು. ಓಡಾಡುವಾಗ ಸೆಕೆಂಡಿಗೆ 12 ಫ್ರೇಮು ಓಡುತ್ತವೆ, ಕತ್ತಿ ಕಾಳಗದಲ್ಲಿ ವೇಗ 10ಕ್ಕೆ ಇಳಿಯುತ್ತದೆ. ಅಂದರೆ ಕಾದಾಡುತ್ತಿರುವಷ್ಟು ಹೊತ್ತು ಆಟದ ಒಂದು ನಿಮಿಷ ಗೋಡೆಯ ಗಡಿಯಾರದಲ್ಲಿ 72 ಸೆಕೆಂಡು. ಹೀಗಾಗಿ ಕಾವಲುಗಾರನ ಎದುರು ಅವಸರ ಬೇಡ. ಮೇಲ್ಬಾಣ ಒತ್ತಿ ಅವನ ಏಟು ತಡೆದು, ತಡೆದ ಕೂಡಲೇ ಶಿಫ್ಟ್ ಒತ್ತಿ ಹೊಡೆಯುವುದೇ ಸರಿ.

ಫ್ಲಾಪಿಯ ದಾರಿ

ಮೊದಲ ಪ್ರಿನ್ಸ್ 1.44 ಎಂಬಿಯ ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತಿತ್ತು. ಹಾರ್ಡ್ ಡಿಸ್ಕ್ ಇಲ್ಲದ ಯಂತ್ರದಲ್ಲೂ ಓಡುತ್ತಿತ್ತು, ಸೌಂಡ್ ಕಾರ್ಡ್ ಇಲ್ಲದಿದ್ದರೆ ಪಿಸಿ ಸ್ಪೀಕರಿನಲ್ಲೇ ಸದ್ದು ಮಾಡುತ್ತಿತ್ತು. ಹೀಗಾಗಿ ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಸಲೀಸಾಗಿ ದಾಟಿತು. ತಡೆ ಇದ್ದದ್ದು ಒಂದೇ: ಮೊದಲ ಲೆವೆಲ್ ಮುಗಿದ ಕೂಡಲೇ ಅಕ್ಷರಗಳಿರುವ ಮದ್ದಿನ ಬಾಟಲಿಗಳ ಕೋಣೆ ಬರುತ್ತದೆ. ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಬಾಟಲಿ ಕುಡಿಯಬೇಕು. ತಪ್ಪಿದರೆ ಸಾವು. ಕೈಪಿಡಿಯ ಜೆರಾಕ್ಸ್ ಇಲ್ಲದವರಿಗೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಆ ಕೋಣೆಯನ್ನೇ ಕಿತ್ತುಹಾಕಿದ ಪ್ರತಿಗಳು ಹರಡಿದ ಮೇಲೆ ಆ ಅಡ್ಡಿಯೂ ಹೋಯಿತು.

ಇನ್ನು ಕರೆಂಟು. ಲಿಂಗನಮಕ್ಕಿ, ಶರಾವತಿ ವಿದ್ಯುದಾಗಾರ ಎಲ್ಲ ನಮ್ಮ ಜಿಲ್ಲೆಯಲ್ಲೇ ಇದ್ದರೂ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕತ್ತಲಾಗುವುದು ಮಲೆನಾಡಿಗೆ ಮಾಮೂಲಿ. ಗೇಮನ್ನು ಉಳಿಸುವ ಕಂಟ್ರೋಲ್ ಜಿ ಕೆಲಸ ಮಾಡುವುದು ಮೂರನೇ ಲೆವೆಲ್‌ನಿಂದ ಮಾತ್ರ. ಉಳಿಯುವುದು ಲೆವೆಲ್‌ನ ಆರಂಭ, ನಿಂತ ಜಾಗವಲ್ಲ. ಉಳಿಸುವ ಕಡತವೂ ಒಂದೇ: ಪ್ರಿನ್ಸ್ ಡಾಟ್ ಎಸ್‌ಎವಿ, ಬರೀ 8 ಬೈಟ್. ಉಳಿದ ನಿಮಿಷ, ನಿಮಿಷದೊಳಗಿನ ಫ್ರೇಮು, ಲೆವೆಲ್ ಸಂಖ್ಯೆ, ಜೀವದ ಲೆಕ್ಕ, ಒಂದೊಂದಕ್ಕೆ 2 ಬೈಟ್. ಲ್ಯಾಬಿನ ಯಂತ್ರದಲ್ಲಿ ಮುಂದಿನ ಬ್ಯಾಚಿನವರು ಕಂಟ್ರೋಲ್ ಜಿ ಒತ್ತಿದರೆ ಹಿಂದಿನವರ ಆಟ ಅಳಿಸಿಹೋಗುತ್ತದೆ. ಆ ಕಡತವನ್ನು ಸ್ವಂತ ಫ್ಲಾಪಿಗೆ ಕಾಪಿ ಮಾಡಿಕೊಂಡವರಷ್ಟೇ ಬಚಾವು.

ಬಾಯಿಂದ ಬಾಯಿಗೆ ದಾಟಿದ ಇನ್ನೊಂದು ಗುಟ್ಟು ಮೆಗಾಹಿಟ್. ಆಟ ಶುರು ಮಾಡುವಾಗ ಡಾಸ್‌ನ ಆದೇಶದ ಸಾಲಿನಲ್ಲಿ ಪ್ರಿನ್ಸ್ ಎಂದು ಬರೆದು, ಒಂದು ಜಾಗ ಬಿಟ್ಟು, ಆ ಪದ ಸೇರಿಸಿ ಎಂಟರ್ ಒತ್ತಿದರೆ ಕೆ ಕೀಯಿಂದ ಕಾವಲುಗಾರ ಸಾಯುತ್ತಾನೆ, ಪ್ಲಸ್ ಕೀಯಿಂದ ಸಮಯ ಹೆಚ್ಚುತ್ತದೆ. ಇದು 1.0 ಆವೃತ್ತಿಗೆ ಮಾತ್ರ. 1.3, 1.4 ಆವೃತ್ತಿಗೆ ಇಂಪ್ರೂವ್ಡ್ ಎಂಬ ಪದ ಬೇಕು. 'ನಮ್ಮ ಪ್ರತಿಯಲ್ಲಿ ಮೆಗಾಹಿಟ್ ನಡೆಯುವುದಿಲ್ಲ' ಎನ್ನುವ ಹಳೆಯ ದೂರಿಗೆ ಉತ್ತರ ಇದು. ಪದ ಹಾಕದೆಯೂ ಶಿಫ್ಟ್ ಎಲ್ ಒತ್ತಿ ನಾಲ್ಕನೇ ಲೆವೆಲ್‌ವರೆಗೆ ಜಿಗಿಯಬಹುದು, ಆದರೆ ಗಡಿಯಾರ 15 ನಿಮಿಷಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಉಳಿದದ್ದನ್ನು ಮುಗಿಸುವುದು ನುರಿತವರಿಗೂ ಕಷ್ಟ.

ಎರಡನೆಯದು

1993ರಲ್ಲಿ ಎರಡನೇ ಭಾಗ ಬಂತು: ದಿ ಶ್ಯಾಡೋ ಅಂಡ್ ದಿ ಫ್ಲೇಮ್. ಮೆಕ್ನರ್ ವಿನ್ಯಾಸ, ಕಥೆ ನೋಡಿಕೊಂಡರು. ಪ್ರೋಗ್ರಾಮಿಂಗ್ ಬ್ರೋಡರ್‌ಬಂಡ್‌ನ ತಂಡದ್ದು. ಮೊದಲ ಗೆಲುವಿನ 11 ದಿನಗಳ ನಂತರ ಕಥೆ ಶುರು. ರಾಜಕುಮಾರ ಆಸ್ಥಾನಕ್ಕೆ ಬಂದರೆ ಅವನ ಮೈಮೇಲೆ ಭಿಕ್ಷುಕನ ವೇಷ, ಅವನ ಮುಖ ಹೊತ್ತು ಸಿಂಹಾಸನದ ಪಕ್ಕದಲ್ಲಿ ಮೊದಲ ಆಟದ ಖಳ, ಮಾಂತ್ರಿಕ ಜಾಫರ್. ಕಿಟಕಿ ಒಡೆದು ಹಾರಿ, ಮಾಳಿಗೆಗಳ ಮೇಲೆ ಓಡಿ, ಬಂದರಿನಿಂದ ಹೊರಟ ಹಡಗಿಗೆ ಜಿಗಿದು ತಪ್ಪಿಸಿಕೊಳ್ಳುತ್ತಾನೆ. ಹಡಗು ಒಡೆಯುತ್ತದೆ. ಅಲ್ಲಿಂದ ದ್ವೀಪ, ಅಸ್ಥಿಪಂಜರಗಳ ಗುಹೆ, ಹಾರುವ ಚಾಪೆ, ಪಾಳುನಗರ, ಕೊನೆಗೆ ಪವಿತ್ರ ಜ್ವಾಲೆಯ ದೇಗುಲ. ಗಡುವು 75 ನಿಮಿಷ.

ಆರಂಭ ನಿಜಕ್ಕೂ ಅದ್ಭುತ. ಕೈಯಿಂದ ಬಿಡಿಸಿದ ಹಿನ್ನೆಲೆ, ವಿಜಿಎಯ 256 ಬಣ್ಣ, ನಿರೂಪಕಿಯ ದನಿ. ಮೊದಲ ಆಟದ ಬೂದು ಕತ್ತಲಕೋಣೆಯಿಂದ ಬಂದವರಿಗೆ ಆ ಮಾಳಿಗೆಗಳ ಓಟ ಕಣ್ಣು ತೆರೆಸುವಂಥದ್ದು. ತೊಂದರೆ ಬರುವುದು ಕಾಳಗದಲ್ಲಿ. ಮೊದಲನೆಯದರಲ್ಲಿ ಒಬ್ಬ ಎದುರಾಳಿ, ಒಂದು ಲಯ. ಎರಡನೆಯದರಲ್ಲಿ ನಾಲ್ವರವರೆಗೆ ಒಟ್ಟಿಗೆ, ಎರಡೂ ಕಡೆಯಿಂದ ಮುತ್ತುತ್ತಾರೆ. ನಿಯಂತ್ರಣ ಮಾತ್ರ ಒಬ್ಬನೊಡನೆ ಆಡಲು ರೂಪಿಸಿದ ಹಳೆಯದೇ. ಮುಂದಿನವನ ಏಟು ತಡೆಯುವಾಗ ಹಿಂದಿನವನು ಬೆನ್ನಿಗೆ ತಿವಿಯುತ್ತಾನೆ. ಇದಕ್ಕಿರುವ ದಾರಿ ಒಂದೇ: ನಿಂತು ಹೋರಾಡಬೇಡಿ, ಎಲ್ಲರೂ ಒಂದೇ ಕಡೆ ಬರುವಂತೆ ಓಡಿ, ಆಮೇಲೆ ತಿರುಗಿ. ಮೊದಲ ಮಾಳಿಗೆಯಲ್ಲಂತೂ ಕಾಳಗವನ್ನೇ ಬಿಟ್ಟು ಓಡುವುದು ಜಾಣತನ.

ಎರಡನೇ ಕೊರತೆ ಇನ್ನೂ ದೊಡ್ಡದು. ಮೊದಲ ಆಟ ತನ್ನ ನಿಯಮವನ್ನು ತಾನೇ ಕಲಿಸುತ್ತದೆ. ಮೂರನೇ ಲೆವೆಲ್‌ನ ಅಸ್ಥಿಪಂಜರಕ್ಕೆ ಎಷ್ಟು ಹೊಡೆದರೂ ಸಾಯದು, ಆದರೆ ಪ್ರತಿ ಏಟಿಗೂ ಹಿಂದೆ ಸರಿಯುವುದು ಕಣ್ಣಿಗೆ ಕಾಣುತ್ತದೆ, ಹಾಗಾದರೆ ಅಂಚಿನಿಂದ ತಳ್ಳೋಣ ಎಂದು ಹೊಳೆಯುತ್ತದೆ. ನೆರಳಿನ ಒಗಟಿಗೂ ನಾಲ್ಕನೇ ಲೆವೆಲ್‌ನಿಂದ ಹನ್ನೆರಡರವರೆಗೆ ಸಿದ್ಧತೆ ಇದೆ. ಎರಡನೆಯದರ ಕೊನೆಯಲ್ಲಿ ನೆರಳನ್ನು ಮೈಯಿಂದ ಬೇರ್ಪಡಿಸಿ ಜ್ವಾಲೆ ತೆಗೆದುಕೊಳ್ಳಬೇಕು. ಅದಕ್ಕೆ ಎಡಕ್ಕೆ ಬಲಕ್ಕೆ ಬೇಗ ಬೇಗ ಹಲವು ಸಲ ತಿರುಗಬೇಕು. ಹಾಗೆ ಮಾಡಿ ಎಂದು ಆಟ ಎಲ್ಲೂ ಸರಿಯಾಗಿ ಸೂಚಿಸುವುದಿಲ್ಲ. ಇದನ್ನು ಯಾರಾದರೂ ಹೇಳಿಕೊಡಬೇಕಿತ್ತು, ಹೇಳಿಕೊಡುವಷ್ಟು ಜನ ನಮ್ಮಲ್ಲಿ ಆಡಿರಲಿಲ್ಲ. ಯಾಕೆಂದರೆ ಆಟ ಹಲವು ಫ್ಲಾಪಿಗಳಲ್ಲಿ ಬರುತ್ತಿತ್ತು, ಹಾರ್ಡ್ ಡಿಸ್ಕ್ ಬೇಕಿತ್ತು, ಸೌಂಡ್ ಕಾರ್ಡ್ ಇಲ್ಲದಿದ್ದರೆ ಅರ್ಧ ರುಚಿ ಹೋಗುತ್ತಿತ್ತು. ಫ್ಲಾಪಿಗಳಲ್ಲಿ ಒಂದು ಕೆಟ್ಟರೆ ಇಡೀ ಕಟ್ಟು ವ್ಯರ್ಥ.

ಇಷ್ಟಾದರೂ ಎರಡನೆಯದನ್ನು ತಳ್ಳಿಹಾಕುವುದು ಅನ್ಯಾಯ. ಪಾಳುನಗರದ ಭಾಗ ಇಡೀ ಸರಣಿಯಲ್ಲೇ ಒಳ್ಳೆಯ ವಾತಾವರಣ ಇರುವ ಜಾಗಗಳಲ್ಲೊಂದು. ರಾಜಕುಮಾರನ ಹುಟ್ಟಿನ ಕಥೆ ಬಿಚ್ಚಿಕೊಳ್ಳುವುದು ಅಲ್ಲೇ. ಮೊದಲ ಆಟದಲ್ಲಿ ಶತ್ರುವಾಗಿದ್ದ ನೆರಳು ಇಲ್ಲಿ ಅವನ ಶಕ್ತಿಯಾಗುವುದು ಕಥೆಯ ದೃಷ್ಟಿಯಿಂದ ಸರಿಯಾದ ಮುಂದುವರಿಕೆ. ಕೊನೆಯ ದೃಶ್ಯದಲ್ಲಿ ಮುದುಕಿಯೊಬ್ಬಳು ಬೆಂಕಿಯಲ್ಲಿ ಇವರನ್ನು ನೋಡುತ್ತಿರುತ್ತಾಳೆ, ಮೂರನೆಯದಕ್ಕೆ ಇಟ್ಟ ಕೊಂಡಿ ಅದು. 1999ರ ಮೂರು ಆಯಾಮದ ಆಟ ಆ ಎಳೆಯನ್ನು ಹಿಡಿಯಲಿಲ್ಲ. 2003ರಲ್ಲಿ ಯೂಬಿಸಾಫ್ಟ್ ಸ್ಯಾಂಡ್ಸ್ ಆಫ್ ಟೈಮ್‌ನಿಂದ ಹೊಸ ಕಥೆಯನ್ನೇ ಶುರು ಮಾಡಿತು. ಮೆಕ್ನರ್ ಅದರಲ್ಲೂ ಇದ್ದರು.

ಈಗ ಆಡುವುದಾದರೆ

ಮೊದಲನೆಯದಕ್ಕೆ ಎಸ್‌ಡಿಎಲ್‌ಪಾಪ್ ಇಳಿಸಿಕೊಳ್ಳಿ. ಡಾಸ್ ಆವೃತ್ತಿಯನ್ನು ಬಿಚ್ಚಿ ನೋಡಿ ಮರುಬರೆದ ಮುಕ್ತ ತಂತ್ರಾಂಶ ಅದು, ಚಲನೆ ಮೂಲದಂತೆಯೇ ಇದೆ. ಎಫ್6 ಒತ್ತಿದರೆ ನಿಂತ ಜಾಗದಲ್ಲೇ ಉಳಿಯುತ್ತದೆ, ಎಫ್9 ಒತ್ತಿದರೆ ಅಲ್ಲಿಗೇ ವಾಪಸು. ಆಪಲ್ 2ರ ಮೂಲ ಕೋಡನ್ನು ನೋಡುವ ಆಸೆಯಿದ್ದರೆ ಅದೂ ಸಿಗುತ್ತದೆ. ಕಳೆದೇಹೋಗಿತ್ತು ಎಂದುಕೊಂಡಿದ್ದ ಫ್ಲಾಪಿಗಳು ಮೆಕ್ನರ್ ಅವರ ತಂದೆಗೆ ಸಿಕ್ಕಿ, 2012ರಲ್ಲಿ ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ನಲ್ಲಿ ಅದು ಬಿಡುಗಡೆಯಾಯಿತು.

ಎರಡನೆಯದಕ್ಕೆ ಡಾಸ್‌ಬಾಕ್ಸ್ ಬೇಕು, ಹಳೆಯ ಡಾಸ್ ಆಟಗಳನ್ನು ಇಂದಿನ ಯಂತ್ರದಲ್ಲಿ ಓಡಿಸುವ ತಂತ್ರಾಂಶ ಅದು. ಸದ್ದು ಬಾರದಿದ್ದರೆ ಗೇಮಿನ ಸೆಟಪ್‌ನಲ್ಲಿ ಸೌಂಡ್ ಬ್ಲಾಸ್ಟರ್ ಎಂಬ ಸೌಂಡ್ ಕಾರ್ಡ್ ಆಯ್ದು ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1 ಎಂದು ಕೊಡಿ. ಡಾಸ್‌ಬಾಕ್ಸ್ ತಾನಾಗಿ ಇಟ್ಟುಕೊಂಡಿರುವ ಸಂಖ್ಯೆಗಳು ಇವೇ. ಹಲವು ಹಳೆಯ ಕಾರ್ಡುಗಳಲ್ಲಿದ್ದಂತೆ ಐಆರ್‌ಕ್ಯೂ 5 ಕೊಟ್ಟರೆ ದನಿ ಬರುವುದಿಲ್ಲ, ಕೆಲವೊಮ್ಮೆ ಆಟ ಹಾಗೇ ನಿಂತುಬಿಡುತ್ತದೆ.

ಅಟ್ಟದ ಮೇಲೆ ಹಳೆಯ ಫ್ಲಾಪಿಗಳಿದ್ದರೆ ನೇರ ಡ್ರೈವಿಗೆ ಹಾಕಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಒಳಗಿನ ತಟ್ಟೆಯ ಮೇಲೆ ಬೂಷ್ಟು ಬಂದಿರುತ್ತದೆ. ಅದು ಡ್ರೈವಿನ ಹೆಡ್ಡಿಗೆ ಅಂಟಿ, ಮುಂದಿನ ಫ್ಲಾಪಿಯನ್ನೂ ಗೀರುತ್ತದೆ. ಲೋಹದ ಮುಚ್ಚಳ ಸರಿಸಿ, ನಡುವಿನ ಚಕ್ರವನ್ನು ಬೆರಳಿನಿಂದ ನಿಧಾನ ತಿರುಗಿಸುತ್ತಾ ಬೆಳಕಿಗೆ ಹಿಡಿದು ನೋಡಿ. ಬಿಳಿ ಮಚ್ಚೆ ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಕಡ್ಡಿಹತ್ತಿಯಿಂದ ಎರಡೂ ಬದಿ ಮೆಲ್ಲಗೆ ಒರೆಸಿ ಪೂರ್ತಿ ಒಣಗಲು ಬಿಡಿ. ಓದಲು ಬಂದರೆ ಮೊದಲು ಇಡೀ ಫ್ಲಾಪಿಯ ಇಮೇಜ್, ಅಂದರೆ ಒಂದೇ ಕಡತವಾಗಿ ಪೂರ್ತಿ ನಕಲು, ತೆಗೆದುಕೊಳ್ಳಿ, ಕಡತಗಳನ್ನು ಆಮೇಲೆ ಅದರಿಂದ ಬಿಡಿಸಿಕೊಳ್ಳಬಹುದು. ಎರಡನೇ ಓದಿಗೆ ಆ ಫ್ಲಾಪಿ ಉಳಿಯುತ್ತದೆಂಬ ಭರವಸೆ ಇಲ್ಲ.