ದಿನಾ ಶಾಂಪೂ ಹಾಕಿದರೂ ಕುದುರೆ ಮೈ ಯಾಕೆ ಹೊಳೆಯೋದಿಲ್ಲ?

ಪ್ರಶ್ನೆ: ಮಗಳು ಇಲ್ಲಿ ಪುಣೆಯಲ್ಲೇ ಕುದುರೆ ಸವಾರಿ ಕಲಿಯುತ್ತಿದ್ದಾಳೆ. ಅವಳಿಗೆ ಕೊಟ್ಟಿರುವುದು ರೇಸು ಬಿಟ್ಟ ಕಂದು ಬಣ್ಣದ ಹೆಣ್ಣು ಕುದುರೆ. ಜನವರಿಯಲ್ಲಿ ಶೋ ಇದೆ, ಇನ್ನು ಎರಡು ತಿಂಗಳು. ದಿನಾ ಶಾಂಪೂ ಹಾಕಿ ತೊಳೆಸುತ್ತೇವೆ, ಹೊಳಪಿನ ಸ್ಪ್ರೇ ತಂದಿದ್ದೇವೆ, ಕೊಬ್ಬರಿ ಎಣ್ಣೆಯನ್ನೂ ಹಚ್ಚಿ ನೋಡಿದೆವು. ಆದರೂ ಮೈ ಮಂಕಾಗೇ ಇದೆ. ಇನ್ನೇನು ಮಾಡಬೇಕು? ಮುಸುಡಿಯ ಮೀಸೆ ಕೂದಲು ಬೋಳಿಸಲೇಬೇಕು ಅಂತಾರೆ, ನಿಜವೇ?
– ಒಬ್ಬ ತಾಯಿ, ಕೋಥ್ರೂಡ್

ಉತ್ತರ: ಮೊದಲು ಆ ಶಾಂಪೂ ನಿಲ್ಲಿಸಿ. ಅರ್ಧ ತೊಂದರೆ ಅದರಿಂದಲೇ.

ಕುದುರೆಯ ಚರ್ಮದಿಂದ ಸಣ್ಣಗೆ ಜಿಡ್ಡು ಬರುತ್ತಿರುತ್ತದೆ. ಅದು ಕೂದಲಿನ ಬುಡದಿಂದ ತುದಿಯವರೆಗೆ ಹರಡಿದರೆ ಕೂದಲು ಮೈಗೆ ಅಂಟಿ ಒಂದೇ ಕಡೆಗೆ ಮಲಗುತ್ತದೆ, ಬೆಳಕು ಬಿದ್ದಾಗ ಮಿಂಚುತ್ತದೆ. ದಿನಾ ಶಾಂಪೂ ಹಾಕಿದರೆ ಆ ಜಿಡ್ಡೆಲ್ಲ ತೊಳೆದು ಹೋಗುತ್ತದೆ. ನಿಮ್ಮ ತಲೆಗೂದಲಿಗೆ ದಿನಾ ಶಾಂಪೂ ಹಾಕಿದರೆ ಏನಾಗುತ್ತದೋ ಅದೇ. ಸವಾರಿ ಮುಗಿದ ಮೇಲೆ ಬೆವರು ಹೋಗುವಂತೆ ಬರೀ ನೀರು ಹಾಕಿ ತೊಳೆದು, ಮೈಮೇಲಿನ ನೀರು ಬಳಿದು ತೆಗೆದರೆ ಸಾಕು. ಬೆವರನ್ನು ಮಾತ್ರ ಹಾಗೇ ಒಣಗಲು ಬಿಡಬೇಡಿ. ಬೆವರಿನ ಉಪ್ಪು ಮೈಮೇಲೆ ಉಳಿದು, ಮೇಲೆ ಬಿಸಿಲೂ ಬಿದ್ದರೆ ಕಂದು ಕುದುರೆ ಕೆಂಚಗಾಗುತ್ತದೆ.

ಕೊಬ್ಬರಿ ಎಣ್ಣೆ ವಿಷಯಕ್ಕೆ ನಮ್ಮ ಲಾಯದಲ್ಲಿರುವ ಇಂಡಿ ಕಡೆಯ ಸೈಸ್ (ಕುದುರೆ ನೋಡಿಕೊಳ್ಳುವವರು) ಕಾಕಾ ಒಂದೇ ಮಾತು ಹೇಳುತ್ತಾರೆ: "ಎಣ್ಣಿ ಹೊಟ್ಟಿಗೆ ಹಾಕ್ರಿ, ಮೈಗೆ ಹಚ್ಚಬ್ಯಾಡ್ರಿ. ಹಚ್ಚಿದ್ರ ಧೂಳ ಕುಂಡ್ರತೈತಿ." ಪುಣೆಯ ಚಳಿಗಾಲದ ಒಣ ಧೂಳು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಹೊಟ್ಟೆಯ ಮಾತಿಗೇ ಬರೋಣ. ಶೋ ದಿನ ಕಾಣುವ ಕೂದಲು ಈಗ ತಿನ್ನುವುದರಿಂದಲೇ ಬೆಳೆಯಬೇಕು. ಹಾಗಾಗಿ ಎರಡು ತಿಂಗಳು ಜಾಸ್ತಿಯೇನಲ್ಲ, ಇವತ್ತೇ ಶುರು ಮಾಡಿ. ದುಬಾರಿ ಪೌಡರ್ ಕೊಳ್ಳುವ ಮೊದಲು ಲದ್ದಿ ಪರೀಕ್ಷೆ ಮಾಡಿಸಿ. ಹೊಟ್ಟೆಯಲ್ಲಿ ಹುಳು ಇದ್ದರೆ ಏನು ತಿನ್ನಿಸಿದರೂ ಮೈಗೆ ಹತ್ತುವುದಿಲ್ಲ. ಹಲ್ಲನ್ನೂ ತೋರಿಸಿ. ಕುದುರೆಯ ಹಲ್ಲು ಬೆಳೆಯುತ್ತಾ ಸವೆಯುತ್ತಾ ಅಂಚು ಚೂಪಾಗುತ್ತದೆ, ಕೆನ್ನೆಗೆ ಚುಚ್ಚುತ್ತದೆ. ಅರ್ಧ ಅಗಿದ ಹುಲ್ಲಿನ ಉಂಡೆ ಬಾಯಿಂದ ಉದುರುತ್ತಿದ್ದರೆ ಹಲ್ಲಿನ ಅಂಚನ್ನು ಅರದಿಂದ ಉಜ್ಜಿಸುವ ಕಾಲ ಬಂದಿದೆ ಅಂತಲೇ ಅರ್ಥ.

ಮೇವಿನಲ್ಲಿ ಹುಲ್ಲಿಗೇ ಮೊದಲ ಜಾಗ. ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣಹುಲ್ಲು ದಿನಾ ಬೇಕು. 450 ಕಿಲೋ ಕುದುರೆಗೆ ಸುಮಾರು 7ರಿಂದ 9 ಕಿಲೋ ಆಯಿತು. ಇದರಲ್ಲಿ ಸ್ವಲ್ಪ ಭಾಗ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಆದರೆ ಒಳ್ಳೆಯದು. ಹೊಳಪಿಗೆ ನನ್ನ ನೆಚ್ಚಿನದು ಅಗಸೆ ಬೀಜ. ಪುಣೆಯ ದಿನಸಿ ಅಂಗಡಿಯಲ್ಲಿ ಜವಸ ಅಂತ ಕೇಳಿ. ಒಂದು ಹಿಡಿ ಬೀಜವನ್ನು ಚೆನ್ನಾಗಿ ಕುದಿಸಿ, ಲೋಳೆಯಾದ ಮೇಲೆ ಆರಿಸಿ ಸಂಜೆಯ ದಾಣಿಗೆ ಬೆರೆಸಿ. ಸುಮ್ನೆ ನೆನೆಸಿ ಮಾತ್ರ ಹಾಕಬೇಡಿ. ಹಸಿ ಅಗಸೆ ನೆನೆದಾಗ ಅದರಲ್ಲಿ ಸಯನೈಡ್ ಬಿಡುಗಡೆಯಾಗಬಹುದು, ಚೆನ್ನಾಗಿ ಕುದಿಸಿದರೆ ಆ ಭಯವಿಲ್ಲ. ಅಡುಗೆ ಎಣ್ಣೆ ಕೊಡುವುದಾದರೆ ಎರಡು ಚಮಚದಿಂದ ಶುರು ಮಾಡಿ, ಎರಡು ಮೂರು ವಾರದಲ್ಲಿ ಮೆಲ್ಲಗೆ ಏರಿಸಿ. ಒಂದೇ ದಿನ ಒಂದು ಲೋಟ ಸುರಿದರೆ ಭೇದಿ ಗ್ಯಾರಂಟಿ. ಇನ್ನು ಬೂಸಾ. ನಮ್ಮವರಿಗೆ ಅದರ ಮೇಲೆ ಪ್ರೀತಿ ಜಾಸ್ತಿ. ಆದರೆ ಅದರಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ದಿನಾ ಬಕೆಟ್‌ಗಟ್ಟಲೆ ಕೊಟ್ಟರೆ ಕೊನೆಗೆ ಮೂಳೆಗೇ ಹೊಡೆತ.

ಇನ್ನು ತಿಕ್ಕುವುದು. ಇಲ್ಲಿ ಹಣ ಕೆಲಸ ಮಾಡುವುದಿಲ್ಲ, ತೋಳು ಮಾಡುತ್ತದೆ. ಸವಾರಿ ಮುಗಿದು ಮೈ ಇನ್ನೂ ಬೆಚ್ಚಗಿರುವಾಗ, ಆದರೆ ಬೆವರು ಆರಿದ ಮೇಲೆ, ಮಗಳೇ ನಿಂತು ತಿಕ್ಕಲಿ. ಮೊದಲು ರಬ್ಬರ್ ಖರಾರಾ, ಅಂದರೆ ಹಲ್ಲು ಹಲ್ಲಾಗಿರುವ, ಮೈ ಉಜ್ಜುವ ಸಾಧನ. ಕುತ್ತಿಗೆಯಿಂದ ಹಿಂದಕ್ಕೆ, ಸುತ್ತು ಸುತ್ತಾಗಿ, ಸ್ವಲ್ಪ ಒತ್ತಿ. ಒಳಗಿನ ಹೊಟ್ಟು, ಸತ್ತ ಕೂದಲು ಬೂದಿಯ ಹಾಗೆ ಮೇಲೇಳುತ್ತವೆ. ಅದನ್ನು ಗಟ್ಟಿ ಬ್ರಷ್ಷಿನಿಂದ ಚಿಮ್ಮಿ ತೆಗೆಯಬೇಕು. ಆಮೇಲೆ ಮೆತ್ತನೆಯ ಬ್ರಷ್ಷು, ಕೂದಲು ಮಲಗುವ ದಿಕ್ಕಿಗೇ ಉದ್ದುದ್ದ ಎಳೆತ. ಬುಡದಲ್ಲಿರುವ ಜಿಡ್ಡು ಕೂದಲ ತುದಿಗೆ ಹೋಗುವುದು ಈ ಎಳೆತದಲ್ಲೇ. ನಾಲ್ಕೈದು ಎಳೆತಕ್ಕೊಮ್ಮೆ ಇನ್ನೊಂದು ಕೈಯಲ್ಲಿರುವ ಕಬ್ಬಿಣದ ಖರಾರಾಕ್ಕೆ ಬ್ರಷ್ಷು ಉಜ್ಜಿ ಧೂಳು ಕೆಡವಬೇಕು. ಆ ಕಬ್ಬಿಣದ್ದು ಇರುವುದೇ ಬ್ರಷ್ಷು ಒರೆಸಲು. ರೇಸಿನ ತಳಿಯ ಕುದುರೆಗಳ ಚರ್ಮ ಬಲು ತೆಳು. ಆ ಕಬ್ಬಿಣದ್ದನ್ನು ಮೈಗೆ ತಾಗಿಸಿದರೆ ಕುದುರೆ ಕಿವಿ ಹಿಂದಕ್ಕೆ ಮಲಗಿಸಿ, ಬಾಲ ಝಾಡಿಸಿ ಬೈಯುತ್ತದೆ. ಬೈಯಲಿಲ್ಲ ಅಂದರೆ ಅದರ ಒಳ್ಳೆಯತನ. ಕೊನೆಗೆ ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ, ಅಂಗೈ ಮತ್ತು ಮುಂಗೈಯಿಂದ ಮಾಲೀಶು. ಹಳೆಯ ಸೈಸ್‌ಗಳು ಇದನ್ನು ಮೈಭಾರ ಹಾಕಿ ಮಾಡುತ್ತಾರೆ, ನೋಡಿ ಕಲಿಯಬೇಕು. ಎರಡು ವಾರ ಬಿಟ್ಟು ಬೆಳಗಿನ ಬಿಸಿಲಲ್ಲಿ ಹಿಂಗಾಲಿನ ತೊಡೆ ನೋಡಿ, ಹೊಳಪು ಬರುತ್ತಿದೆಯೇ ಅಂತ ಗೊತ್ತಾಗುತ್ತದೆ.

ಬೆನ್ನ ಮೇಲೆ, ಸೊಂಟದ ಮೇಲೆ ಕೂದಲು ಗುಚ್ಛ ಗುಚ್ಛವಾಗಿ ಹಕ್ಕಳೆ ಕಟ್ಟಿದ್ದರೆ ಅದು ಕೊಳೆ ಅಲ್ಲ. ಮಳೆಗಾಲದಲ್ಲಿ ಒದ್ದೆ ಮೈಗೆ ಹತ್ತಿದ ಬ್ಯಾಕ್ಟೀರಿಯಾ ಸೋಂಕು ಇರಬಹುದು. ತಿಕ್ಕಿ ಕೀಳಬೇಡಿ, ಪಶುವೈದ್ಯರಿಗೆ ತೋರಿಸಿ. ಆ ಬ್ರಷ್ಷನ್ನು ಬೇರೆ ಕುದುರೆಗೆ ಬಳಸಲೂ ಬೇಡಿ.

ಹೊಳಪಿನ ಜೊತೆ ಮೈಕಟ್ಟೂ ಬೇಕಲ್ವಾ? ದಪ್ಪ ಮಾಡಿದರೆ ಚೆಂದ ಕಾಣುತ್ತದೆ ಅನ್ನುವವರ ಮಾತು ಕೇಳಬೇಡಿ. 1983ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಹೆನೆಕೆ ಎಂಬವರು ಮಾಡಿದ ಒಂದು ಅಳತೆ ಇದೆ: 1 ಅಂದರೆ ಎಲುಬಿನ ಗೂಡು, 9 ಅಂದರೆ ಕೊಬ್ಬಿನ ಗುಡ್ಡೆ. ನಿಮ್ಮ ಕುದುರೆ 5ರ ಆಸುಪಾಸಿನಲ್ಲಿರಲಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈ ಆಡಿಸಿದರೆ ಸಿಗಬೇಕು. ಬೆನ್ನು, ತೊಡೆ ತುಂಬಿಕೊಳ್ಳುವುದು ಕೆಲಸದಿಂದ. ಮೊದಲ ವಾರಗಳಲ್ಲಿ ಉದ್ದ ನಡಿಗೆ, ಸಿಕ್ಕರೆ ಸಣ್ಣ ಏರು. ಆಮೇಲೆ ಟ್ರಾಟ್ (ಕುಕ್ಕುಲೋಟ) ಹೆಚ್ಚಿಸುತ್ತಾ ಹೋಗಿ. ವಾರಕ್ಕೊಂದು ದಿನ ರಜೆ ಕೊಡಿ.

ಶೋ ಹತ್ತಿರ ಬಂದಾಗ ಒಂದೇ ಒಂದು ಸಲ ಶಾಂಪೂ, ಎರಡು ದಿನ ಮೊದಲು, ಮಧ್ಯಾಹ್ನದ ಬಿಸಿಲಿರುವಾಗ. ಜನವರಿಯ ಪುಣೆಯ ಸಂಜೆಗೆ ಒದ್ದೆ ಮೈ ಬಿಡಬೇಡಿ. ಕಾಲು ಬಿಳಿ ಇದ್ದರೆ ಒಣಗಿದ ಮೇಲೆ ಕಾರ್ನ್‌ಫ್ಲೋರ್ ಉಜ್ಜಿ ಝಾಡಿಸಿ. ನಿಮ್ಮ ಸ್ಪ್ರೇ ದಂಡವೇನೂ ಅಲ್ಲ, ಬಾಲಕ್ಕೆ ಹಾಕಿದರೆ ಸಿಕ್ಕು ಬಿಡುತ್ತದೆ. ಜೀನು ಕೂರುವ ಜಾಗಕ್ಕೆ ಮಾತ್ರ ತಾಗಿಸಬೇಡಿ, ಜೀನು ಜಾರಿದರೆ ಮಗಳು ನೆಲದ ಮೇಲೆ. ಇನ್ನೊಂದು ವಿಷಯ. ಜಂಪಿಂಗ್ ಸ್ಪರ್ಧೆಯಲ್ಲಿ ಲೆಕ್ಕ ಹಿಡಿಯುವುದು ಬೀಳಿಸಿದ ಕಂಬ ಮತ್ತು ಸಮಯವನ್ನು. ಮೈ ಮಿಂಚಿದ್ದಕ್ಕೆ ಅಂಕವಿಲ್ಲ. ಕುದುರೆಯ, ಸವಾರರ ಅಚ್ಚುಕಟ್ಟನ್ನೇ ನೋಡುವ ಟರ್ನ್‌ಔಟ್ ಸ್ಪರ್ಧೆಗೆ ಹೆಸರು ಕೊಟ್ಟಿದ್ದರೆ ಮಾತು ಬೇರೆ.

ಮೀಸೆ ಬೋಳಿಸಬೇಡಿ. ಕುದುರೆಗೆ ತನ್ನ ಮೂಗಿನ ಕೆಳಗಿರುವುದು ಕಾಣುವುದಿಲ್ಲ. ಬಕೆಟ್ಟಿನ ಅಂಚು, ತೊಟ್ಟಿಯ ಗೋಡೆ ಎಷ್ಟು ಹತ್ತಿರ ಅಂತ ಆ ಕೂದಲೇ ಹೇಳಬೇಕು. ಅಂತರರಾಷ್ಟ್ರೀಯ ಕುದುರೆ ಸವಾರಿ ಸಂಸ್ಥೆ ಎಫ್‌ಇಐ 2021ರ ಜುಲೈ 1ರಿಂದ ಮೀಸೆ ಬೋಳಿಸಿದ ಕುದುರೆಗೆ ತನ್ನ ಸ್ಪರ್ಧೆಗಳಲ್ಲಿ ಪ್ರವೇಶವನ್ನೇ ಕೊಡುವುದಿಲ್ಲ. ಪಶುವೈದ್ಯರು ಚಿಕಿತ್ಸೆಗೆಂದು ತೆಗೆದಿದ್ದರೆ ಮಾತ್ರ ವಿನಾಯಿತಿ. ನಿಮ್ಮದು ಊರಿನ ಸಣ್ಣ ಶೋ ಆದರೂ ಯಂತ್ರವನ್ನು ಆ ಕಡೆ ಒಯ್ಯಬೇಡಿ. ಕಿವಿಯೊಳಗಿನ ಕೂದಲೂ ನೊಣ, ಧೂಳು ತಡೆಯಲು ಇರುವುದು. ಕಿವಿಯ ಎರಡು ಅಂಚು ಸೇರಿಸಿ ಹಿಡಿದು, ಹೊರಗೆ ಚಾಚಿದ್ದನ್ನಷ್ಟೇ ಕತ್ತರಿಯಲ್ಲಿ ಸರಿ ಮಾಡಿ.