ಸ್ಟೀಲ್ ಕೇಸ್ ಗುಂಡು ಎಲ್ಲಿ ಸಿಕ್ಕಾಕೊಳ್ಳುತ್ತೆ, ಯಾಕೆ

"ಸ್ಟೀಲ್ ಕೇಸ್ ಗುಂಡನ್ನ ನಂಬಬಹುದಾ" ಅನ್ನೋದ್ರಲ್ಲಿ ಮೂರು ಪ್ರಶ್ನೆ ಸೇರ್ಕೊಂಡಿವೆ, ಕೇಸ್ (ಮದ್ದನ್ನ, ಬುಲೆಟ್‌ನ ಹಿಡಿದಿಡೋ ಕೊಳವೆ) ಯಾವ ಲೋಹ, ಬುಲೆಟ್ (ಹಾರಿ ಹೋಗೋ ತುದಿ) ಮೇಲಿನ ಜಾಕೆಟ್ ಯಾವ ಲೋಹ, ಪ್ರೈಮರ್‌ನಲ್ಲಿ (ಮದ್ದಿಗೆ ಕಿಡಿ ಹಚ್ಚೋ ಬುಡದ ಭಾಗ) ಯಾವ ಕೆಮಿಕಲ್. ಕಡಿಮೆ ರೇಟಿನ ಗುಂಡುಗಳಲ್ಲಿ ಎಷ್ಟೋ ಸಲ ಇವು ಒಟ್ಟಿಗೇ ಬರ್ತವೆ, ತಪ್ಪು ಯಾವುದರದ್ದಾದ್ರೂ ಬೈಗುಳ ಮಾತ್ರ ಕೇಸ್‌ಗೆ.

ಮೊದಲು ಕೇಸ್ ತಗೊಳ್ಳೋಣ, ಮುಖ್ಯ ಭಾಗ ಇದೇ. ಗುಂಡು ಹಾರಿದಾಗ ಒಳಗಿನ ಪ್ರೆಶರ್‌ಗೆ ಕೇಸ್ ಉಬ್ಬಿ ಚೇಂಬರ್ (ಬ್ಯಾರಲ್ ಹಿಂದೆ ಗುಂಡು ಕೂರೋ ಜಾಗ) ಗೋಡೆಗೆ ಒತ್ಕೊಂಡು ಗ್ಯಾಸ್ ಹಿಂದಕ್ಕೆ ಬರದ ಹಾಗೆ ಸೀಲ್ ಮಾಡ್ಬೇಕು, ಪ್ರೆಶರ್ ಇಳಿದ ತಕ್ಷಣ ಒಂಚೂರು ಕುಗ್ಗಿ ಗೋಡೆ ಬಿಡ್ಬೇಕು, ಆಗ್ಲೇ ಎಕ್ಸ್‌ಟ್ರಾಕ್ಟರ್ (ಖಾಲಿ ಕೇಸ್ ಎಳೆಯೋ ಕೊಕ್ಕೆ) ಅದನ್ನ ಸಲೀಸಾಗಿ ಎಳೆಯೋದು. ಯಂಗ್ಸ್ ಮಾಡ್ಯುಲಸ್, ಅಂದ್ರೆ ಲೋಹದ ಬಿಗಿತದ ಅಳತೆ, ನೆನಪಿಸ್ಕೊಳ್ಳಿ: ಉಕ್ಕಿಗೆ ಸುಮಾರು 200 ಗಿಗಾಪ್ಯಾಸ್ಕಲ್, ಹಿತ್ತಾಳೆಗೆ ಹೆಚ್ಚುಕಮ್ಮಿ ಅದರ ಅರ್ಧ. ಯೀಲ್ಡ್ ಸ್ಟ್ರೆಂತ್ (ಆಕಾರ ವಾಪಸ್ ಬರದ ಹಾಗೆ ಕೆಡೋಕೆ ಬೇಕಾದ ಒತ್ತಡ) ಒಂದೇ ಇದ್ರೆ ಮಾಡ್ಯುಲಸ್ ಜಾಸ್ತಿ ಇರೋದು ಕಮ್ಮಿ ವಾಪಸ್ ಬರುತ್ತೆ, ಅಂದ್ರೆ ಉಕ್ಕು ಹಿತ್ತಾಳೆಯಷ್ಟು ಕುಗ್ಗಲ್ಲ. ಸೀಲ್ ಕೂಡ ಅಷ್ಟು ಬಿಗಿ ಇರಲ್ಲ, ಅದಕ್ಕೇ ಚೇಂಬರ್‌ನಲ್ಲಿ ಮಸಿ ಜಾಸ್ತಿ.

ಹಾಗಾದ್ರೆ ಎಕೆ-47 ಥರದ ಎಕೆ ರೈಫಲ್‌ನಲ್ಲಿ ಸ್ಟೀಲ್ ಕೇಸ್ ಅಷ್ಟು ಚೆನ್ನಾಗಿ ಓಡೋದು ಹೇಗೆ? ಆಕಾರ! ಎಕೆಗೆ ಹಾಕೋ 7.62×39 ಕೇಸ್ ಬುಡದಲ್ಲಿ ದಪ್ಪ, ಮುಂದೆ ಹೋಗ್ತಾ ಸಣ್ಣ. ಒಂದರೊಳಗೊಂದು ಕೂರಿಸಿದ ಲೋಟ ಒಂದು ಕೂದಲೆಳೆ ಮೇಲೆ ಬಂದ್ರೆ ಸಾಕು ಪೂರ್ತಿ ಸಡಿಲ ಆಗುತ್ತಲ್ಲ, ಅದೇ ಲೆಕ್ಕ. ಎಕೆ ಮ್ಯಾಗಜಿನ್ ಬಾಗಿರೋದೂ ಈ ಆಕಾರದಿಂದಾನೇ. ಎಆರ್-15 ರೈಫಲ್‌ಗೆ ಹಾಕೋ .223 ಕೇಸ್ ಹೆಚ್ಚುಕಮ್ಮಿ ನೇರ ಕೊಳವೆ, ಹೊರಗೆ ಬರೋವಾಗ ಗೋಡೆ ಉಜ್ಜುತ್ತಾ ಬರುತ್ತೆ, ಅದಕ್ಕೇ ಎಆರ್-15ನಲ್ಲಿ ಕಂಪ್ಲೇಂಟ್ ಜಾಸ್ತಿ. ಲೋಡ್ (ಮದ್ದಿನ ಜೋರು) ಮೆತ್ತಗಿದ್ರೆ ಬೋಲ್ಟ್ (ಚೇಂಬರ್ ಹಿಂದಿನ ಬಾಗಿಲಂಥ ಭಾಗ) ಪೂರ್ತಿ ಹಿಂದಕ್ಕೂ ಹೋಗಲ್ಲ.

ಸ್ಟೀಲ್ ಕೇಸ್‌ಗೆ ತುಕ್ಕು ಹಿಡಿಯದ ಹಾಗೆ ಬಳಿಯೋ ಲ್ಯಾಕರ್ ಕರಗಿ ಅಂಟ್ಕೊಳ್ಳುತ್ತೆ ಅನ್ನೋ ಮಾತು ಕೇಳಿರ್ತೀರ. ನನಗಂತೂ ಮಸಿ ವಿವರಣೆನೇ ಸರಿ ಅನ್ಸುತ್ತೆ, ಯಾಕಂದ್ರೆ ಸ್ಟೀಲ್ ಕೇಸ್ ತುಂಬಾ ಹೊಡೆದು ಚೇಂಬರ್ ಒರೆಸದೆ ಹಿತ್ತಾಳೆ ಹಾಕಿದ್ರೆ ಆ ಹಿತ್ತಾಳೆ ಕೇಸೇ ಕೂತ್ಬಿಡಬಹುದು, ಅದು ಚೆನ್ನಾಗಿ ಉಬ್ಬಿ ಮಸಿ ಪದರವನ್ನ ಒತ್ತಿ ಹಿಡಿಯುತ್ತೆ. ಮಧ್ಯದಲ್ಲಿ ಚೇಂಬರ್ ಬ್ರಶ್ ಹಾಕಿ, ಇಷ್ಟೇ.

ಇನ್ನು ಜಾಕೆಟ್. ಬ್ಯಾರಲ್ ಸವೆಸೋದು ಕೇಸ್ ಅಲ್ಲ ಕಣ್ರೀ, ಅದು ಬ್ಯಾರಲ್ ಒಳಗೆ ಹೋಗೋದೇ ಇಲ್ಲ! ಸವೆಸೋದು ಬೈಮೆಟಲ್ ಜಾಕೆಟ್, ಅಂದ್ರೆ ಮೆದು ಉಕ್ಕಿನ ಮೇಲೆ ತೆಳ್ಳಗೆ ತಾಮ್ರ. 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಮೆರಿಕದ ಗುಂಡು ಮಾರೋ ಕಂಪನಿ ಲಕ್ಕಿ ಗನ್ನರ್‌ನವರು ಒಂದೇ ಥರದ ನಾಲ್ಕು ರೈಫಲ್ ತಗೊಂಡು, ಒಂದಕ್ಕೆ ಹಿತ್ತಾಳೆ, ಮೂರಕ್ಕೆ ಬೇರೆ ಬೇರೆ ಬ್ರ್ಯಾಂಡಿನ ಸ್ಟೀಲ್, ತಲಾ 10,000 ಗುಂಡಿನ ಪ್ಲ್ಯಾನ್ ಮಾಡಿದ್ರು. ಆ ಸ್ಟೀಲ್ ಗುಂಡುಗಳದ್ದು ಬೈಮೆಟಲ್ ಜಾಕೆಟ್, ಅವನ್ನ ಹೊಡೆದ ಬ್ಯಾರಲ್‌ಗಳು ತುಂಬಾ ಬೇಗ ಸವೆದ್ವು. ಹಿತ್ತಾಳೆ ಕೇಸ್‌ನಲ್ಲೂ ಬೈಮೆಟಲ್ ಬುಲೆಟ್ ಇರಬಹುದು, ಅಯಸ್ಕಾಂತ ಹಿಡಿದು ನೋಡಿ.

ಪ್ರೈಮರ್ ವಿಷ್ಯ ಚಿಕ್ಕದು. ಹಳೇ ಮಿಲಿಟರಿ ಸ್ಟಾಕ್‌ನಲ್ಲಿ ಪೊಟ್ಯಾಶಿಯಂ ಕ್ಲೋರೇಟ್ ಇದ್ರೆ ಉರಿದ ಮೇಲೆ ಪೊಟ್ಯಾಶಿಯಂ ಕ್ಲೋರೈಡ್ ಉಳಿಯುತ್ತೆ, ಅದು ತೇವ ಎಳ್ಕೊಂಡು ತುಕ್ಕು ಹಿಡಿಸುತ್ತೆ. ಅದು ಉಪ್ಪು, ಎಣ್ಣೆಯಲ್ಲಿ ಕರಗಲ್ಲ, ಮೊದಲು ನೀರಲ್ಲಿ ತೊಳೆದು ಒಣಗಿಸಿ ಆಮೇಲೆ ಎಣ್ಣೆ.